ಅಂಡದ ಮೈಮೇಲೆ ಹರಿದ ಅಲೆ: ವಿಜ್ಞಾನಿ ಅರ್ನೆಸ್ಟ್ ಎವರೆಟ್ ಜಸ್ಟ್

ಮೊಟ್ಟೆಯಿಂದ ಮರಿಯಾಗುವ ಕೆಲಸ ಶುರುವಾಗುವುದು ಯಾವಾಗ? ಗಂಡಿನ ವೀರ್ಯಾಣು ಬಂದು ಹೆಣ್ಣಿನ ಅಂಡಕ್ಕೆ ಸೇರಿದಾಗ, ಅಂತ ನಾವೆಲ್ಲ ಹೈಸ್ಕೂಲಿನಲ್ಲೇ ಓದಿದ್ದೇವೆ. ಅಷ್ಟಕ್ಕೇ ಪಾಠ ಮುಗಿಯುತ್ತದೆ. ಆದರೆ ಸೇರಿದ ಆ ಮೊದಲ ಕೆಲವು ಸೆಕೆಂಡುಗಳಲ್ಲಿ ಅಂಡದಲ್ಲಿ ಏನೇನು ನಡೆಯುತ್ತದೆ, ಸಾವಿರಾರು ವೀರ್ಯಾಣುಗಳು ಸುತ್ತ ಮುತ್ತಿಕೊಂಡಿದ್ದರೂ ಒಂದೇ ಒಂದು ಒಳಗೆ ಹೋಗುವುದು ಹೇಗೆ, ಬಾಗಿಲು ಹಾಕುವವರು ಯಾರು? ಇದನ್ನು ತಿಳಿಯಲು ಇಪ್ಪತ್ತು ವರ್ಷ ಬೇಸಿಗೆ ಬೇಸಿಗೆಗೆ ಕಡಲ ತೀರಕ್ಕೆ ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂತವರು ಒಬ್ಬರಿದ್ದರು. ಅಮೆರಿಕದ ಕಪ್ಪು ಜನಾಂಗದ ವಿಜ್ಞಾನಿ ಅರ್ನೆಸ್ಟ್ ಎವರೆಟ್ ಜಸ್ಟ್. ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಅವರ ಬದುಕನ್ನು ಹೇಳುವುದಕ್ಕೆ ಕಾರಣ ಉಂಟು. ಅವರ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಕಾಣುವುದಿಲ್ಲ. ಅವರು ಕಂಡದ್ದು ಮಾತ್ರ ಇವತ್ತು ಜಗತ್ತಿನ ಎಲ್ಲ ಜೀವಶಾಸ್ತ್ರದ ಲ್ಯಾಬುಗಳಲ್ಲೂ ಉಂಟು.

ಅಮ್ಮ ಕಟ್ಟಿದ ಊರು

ಜಸ್ಟ್ ಹುಟ್ಟಿದ್ದು 1883ರ ಆಗಸ್ಟ್ 14ರಂದು, ಅಮೆರಿಕದ ದಕ್ಷಿಣದ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾಗಿ ಆಗ ಹದಿನೆಂಟೇ ವರ್ಷ. ಕಾನೂನು ಹೋದರೂ ಬಳಕೆ ಹೋಗಿರಲಿಲ್ಲ. ಶಾಲೆ ಬೇರೆ, ಬಂಡಿ ಬೇರೆ, ಕುಳಿತುಕೊಳ್ಳುವ ಜಾಗ ಬೇರೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಮತ್ತು ಅಜ್ಜ ಹಡಗುಕಟ್ಟೆ ಕಟ್ಟುವ ಕೆಲಸದವರು. ಹುಡುಗನಿಗೆ ನಾಲ್ಕು ವರ್ಷ ಆಗುವಾಗ ಅಪ್ಪ ತೀರಿಕೊಂಡರು. ಮನೆಯ ಹೊರೆ ಪೂರ್ತಿ ಅಮ್ಮನ ತಲೆಗೆ ಬಂತು. ಅಮ್ಮ ಮೇರಿ ಮ್ಯಾಥ್ಯೂಸ್ ಜಸ್ಟ್ ಶಾಲೆಯಲ್ಲಿ ಕಲಿಸುತ್ತಿದ್ದರು. ಆ ಸಂಬಳ ಸಾಲದ್ದಕ್ಕೆ ಹತ್ತಿರದ ಫಾಸ್ಫೇಟ್ ಗಣಿಯಲ್ಲಿ ಗಂಡಸರ ಸಮಕ್ಕೆ ದುಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಅಲ್ಲಿನ ಕಪ್ಪು ಕುಟುಂಬಗಳನ್ನು ಒಟ್ಟು ಸೇರಿಸಿ, ಜಾಗ ಮಾಡಿಕೊಂಡು ಕೃಷಿ ಮಾಡೋಣ ಅಂತ ಒಪ್ಪಿಸಿದರು. ಹಾಗೆ ಎದ್ದ ಊರಿಗೆ ಅವರದ್ದೇ ಹೆಸರು ಬಂತು: ಮೇರಿವಿಲ್. ಆ ಊರಿನ ಆಡಳಿತ ನಡೆಸಿದವರೂ ಕಪ್ಪು ಜನರೇ. ಅಲ್ಲಿ ಮೇರಿ ಅವರು ಶಾಲೆಯನ್ನೂ ನಡೆಸಿದರು. ಮಗ ಮೊದಲು ಅಕ್ಷರ ಕಲಿತದ್ದು ಅಮ್ಮನ ಶಾಲೆಯಲ್ಲಿ.

ಸಣ್ಣವನಿರುವಾಗ ಹುಡುಗನಿಗೆ ಟೈಫಾಯಿಡ್ ಬಂತು. ಜೀವ ಉಳಿಯಿತು, ಆದರೆ ಕಲಿತ ಓದು ಬರಹ ಮರೆತುಹೋಯಿತು. ಮೊದಲ ಅಕ್ಷರದಿಂದ ತಿರುಗಿ ಕಲಿಯಬೇಕಾಯಿತು. ಹಾಗೆ ಎರಡು ಸಲ ಓದು ಕಲಿತ ಹುಡುಗನನ್ನು ಅಮ್ಮ ಹದಿಮೂರನೇ ವಯಸ್ಸಿಗೆ ಆರೆಂಜ್‌ಬರ್ಗ್ ಎಂಬಲ್ಲಿನ, ಕಪ್ಪು ಜನರಿಗಾಗಿಯೇ ಇದ್ದ ಸರಕಾರಿ ಕಾಲೇಜಿಗೆ ಕಳಿಸಿದರು. ಅಲ್ಲಿ ಮಾಸ್ಟ್ರ ಕೆಲಸಕ್ಕೆ ಬೇಕಾದ ತರಬೇತಿ ಮುಗಿಸಿದ. ಬೇಕಾದರೆ ಅಲ್ಲೇ ಎಲ್ಲಿಯಾದರೂ ಕೆಲಸಕ್ಕೆ ಸೇರಬಹುದಿತ್ತು. ಅಮ್ಮನಿಗೂ ಮಗನಿಗೂ ಅದು ಸಾಕಾಗಲಿಲ್ಲ.

ಉತ್ತರಕ್ಕೆ

1900ರಲ್ಲಿ ಹುಡುಗ ಉತ್ತರದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಿಂಬಲ್ ಯೂನಿಯನ್ ಅಕಾಡೆಮಿ ಎಂಬ ಶಾಲೆಗೆ ಸೇರಿದ. ಚಳಿಯ ಊರು, ಸುತ್ತ ಎಲ್ಲ ಬಿಳಿಯರ ಮಕ್ಕಳು. ನಾಲ್ಕು ವರ್ಷದ ಓದನ್ನು ಮೂರೇ ವರ್ಷದಲ್ಲಿ ಮುಗಿಸಿದ. ಆ ನಡುವೆ ಒಮ್ಮೆ ಅಮ್ಮನನ್ನು ನೋಡಲು ಅಷ್ಟು ದೂರದಿಂದ ಊರಿಗೆ ಬಂದರೆ, ಅವರನ್ನು ಮಣ್ಣು ಮಾಡಿ ಜನ ಆಗಷ್ಟೇ ಹಿಂದಿರುಗಿದ್ದರು. ಮುಖ ನೋಡಲೂ ಸಿಗಲಿಲ್ಲ. ಹಿಂದೆ ಹೋಗಿ ಓದು ಮುಂದುವರಿಸಿದ.

1903ರಲ್ಲಿ ಡಾರ್ಟ್‌ಮೌತ್ ಕಾಲೇಜು. ಅಲ್ಲಿ ಗ್ರೀಕ್ ಭಾಷೆ, ಇತಿಹಾಸ, ಸಾಹಿತ್ಯ ಎಲ್ಲದರಲ್ಲೂ ಮುಂದೆ. ಅಂಡ ಬೆಳೆದು ಜೀವಿಯಾಗುವ ಬಗೆಯ ಕುರಿತು ಒಂದು ಬರಹ ಓದಿದ್ದೇ ಮನಸ್ಸು ಜೀವಶಾಸ್ತ್ರದ ಕಡೆ ತಿರುಗಿತು. 1907ರಲ್ಲಿ ಪದವಿ ಮುಗಿಸುವಾಗ ಆ ವರ್ಷದ ತರಗತಿಯಲ್ಲಿ ಮ್ಯಾಗ್ನಾ ಕಮ್ ಲಾಡೆ ಎಂಬ ಉನ್ನತ ದರ್ಜೆ ಪಡೆದವರು ಜಸ್ಟ್ ಒಬ್ಬರೇ.

ಇಷ್ಟು ಓದಿದವರಿಗೆ ಆ ದೇಶದಲ್ಲಿ ಎಲ್ಲಿ ಬೇಕಾದರೂ ಕೆಲಸ ಸಿಗಬೇಕಿತ್ತು, ಅಲ್ವಾ? ಕಪ್ಪು ಜನರ ಕಾಲೇಜುಗಳನ್ನು ಬಿಟ್ಟರೆ ಬೇರೆ ಕಡೆ ಪಾಠ ಹೇಳುವ ದಾರಿಯೇ ಆಗ ಇರಲಿಲ್ಲ. 1907ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಮೊದಲು ಕಲಿಸಿದ್ದು ಇಂಗ್ಲಿಷ್. 1909ರಿಂದ ಜೀವಶಾಸ್ತ್ರವೂ ಸೇರಿತು. 1912ರಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರವನ್ನೂ ಕಲಿಸಿದರು. ಆ ವರ್ಷವೇ ಅಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದ ಎಥೆಲ್ ಹೈವಾರ್ಡನ್ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು.

ಯುವಜನ ಸಂಘ ಕಟ್ಟುವವರು ನೆನಪಿಟ್ಟುಕೊಳ್ಳಬೇಕಾದ ಸಂಗತಿಯೊಂದು ಇಲ್ಲಿ ಉಂಟು. 1911ರ ನವೆಂಬರ್ 17ರಂದು ಹೋವರ್ಡಿನ ಮೂವರು ವಿದ್ಯಾರ್ಥಿಗಳು ಜಸ್ಟ್ ಅವರ ಕೋಣೆಯಲ್ಲಿ ಸೇರಿ ಒಮೆಗಾ ಸೈ ಫೈ ಎಂಬ ಸಂಘ ಹುಟ್ಟುಹಾಕಿದರು. ಜೊತೆಗೆ ನಿಂತ ನಾಲ್ಕನೆಯವರು ಜಸ್ಟ್. ಮೊದಮೊದಲು ವಿಶ್ವವಿದ್ಯಾಲಯದ ಆಡಳಿತಕ್ಕೆ ಇದು ಹಿಡಿಸಲಿಲ್ಲ. ಹುಡುಗರು ಬಿಡಲಿಲ್ಲ, ಅವರ ಮಾಸ್ಟ್ರೂ ಬಿಡಲಿಲ್ಲ. ಆ ಸಂಘ ನೂರು ವರ್ಷ ದಾಟಿ ಇವತ್ತಿಗೂ ನಡೆಯುತ್ತಾ ಉಂಟು.

ಅಮಾವಾಸ್ಯೆಯ ರಾತ್ರಿ, ಲಾಟೀನು ಹಿಡಿದು

1909ರ ಬೇಸಿಗೆಯಲ್ಲಿ ಜಸ್ಟ್ ಮೊದಲ ಸಲ ವುಡ್ಸ್ ಹೋಲ್‌ಗೆ ಹೋದರು. ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯ ಸಣ್ಣ ಊರು. ಅಲ್ಲಿನ ಸಾಗರ ಜೀವಶಾಸ್ತ್ರ ಪ್ರಯೋಗಶಾಲೆಗೆ ಪ್ರತಿ ಬೇಸಿಗೆ ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಸೇರುತ್ತಿದ್ದರು. ಶಿಕಾಗೋ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರ್ಯಾಂಕ್ ಲಿಲ್ಲಿ ಅವರ ಕೈಕೆಳಗೆ ಜಸ್ಟ್ ಕೆಲಸ ಕಲಿತರು.

ಕಡಲ ಜೀವಿಗಳೇ ಏಕೆ? ನಮ್ಮ ದೇಹದಲ್ಲಿ ಅಂಡ ಫಲಿತವಾಗುವುದು ಒಳಗೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕಡಲಿನ ಅನೇಕ ಜೀವಿಗಳು ಅಂಡವನ್ನೂ ವೀರ್ಯವನ್ನೂ ನೀರಿಗೇ ಬಿಡುತ್ತವೆ. ಒಂದು ಗಾಜಿನ ಬಟ್ಟಲಲ್ಲಿ ಉಪ್ಪುನೀರು ಹಾಕಿ ಎರಡನ್ನೂ ಸೇರಿಸಿದರೆ ಸಾಕು, ಮೈಕ್ರೋಸ್ಕೋಪಿನಡಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ.

ನೆರೀಸ್ ಎಂಬ ಕಡಲ ಹುಳ ಒಂದುಂಟು. ವರ್ಷವಿಡೀ ಕೆಸರಿನೊಳಗೆ ಇರುವ ಈ ಹುಳಗಳು ಬೇಸಿಗೆಯ ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ ಕತ್ತಲಾದ ಮೇಲೆ ನೀರಿನ ಮೇಲಕ್ಕೆ ಬಂದು ಗಂಡು ಹೆಣ್ಣು ಸುತ್ತಿ ಸುತ್ತಿ ಈಜುತ್ತವೆ, ಮೊಟ್ಟೆ ಬಿಡುತ್ತವೆ. ಮೊದಲ ಮಳೆಗೆ ತೋಡಿನಲ್ಲಿ ಉಬರು ಮೀನು ಹಿಡಿಯಲು ದೀಪ ಹಿಡಿದು ರಾತ್ರಿ ಇಳಿದವರಿಗೆ ಇಂಥ ಕಾಯುವಿಕೆ ಗೊತ್ತುಂಟು. ಜಸ್ಟ್ ಲಾಟೀನು ಹಿಡಿದು ನೀರಿನ ಅಂಚಿನಲ್ಲಿ ರಾತ್ರಿ ರಾತ್ರಿ ಕಾದರು. ಹುಳಗಳು ಯಾವ ದಿನ ಬರುತ್ತವೆ, ಯಾವ ಹೊತ್ತಿಗೆ, ಎಷ್ಟು, ಎಲ್ಲವನ್ನೂ ಲೆಕ್ಕ ಇಟ್ಟರು. 1912ರಲ್ಲಿ ಅವರ ಮೊದಲ ಸಂಶೋಧನಾ ಲೇಖನ ಬಂತು. ನೆರೀಸ್ ಅಂಡ ಮೊದಲ ಬಾರಿಗೆ ಎರಡಾಗಿ ಸೀಳುವಾಗ ಆ ಸೀಳು ಎಲ್ಲಿ ಬೀಳುತ್ತದೆಂಬುದು ವೀರ್ಯಾಣು ಎಲ್ಲಿಂದ ಒಳಹೊಕ್ಕಿತೋ ಅದರ ಮೇಲೆ ನಿಂತಿದೆ ಎಂದು ಅದರಲ್ಲಿ ತೋರಿಸಿದರು.

ಶುಚಿತ್ವದಲ್ಲಿ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಬಟ್ಟಲಲ್ಲಿ ಚೂರು ಕೆಮಿಕಲ್ ಉಳಿದಿರಬಾರದು. ನೀರಿನ ಬಿಸಿ ಕಡಲಿನಷ್ಟೇ ಇರಬೇಕು. ತೆಗೆದ ಅಂಡಗಳಲ್ಲಿ ಹೆಚ್ಚಿನವು ಸರಿಯಾಗಿ ಫಲಿತವಾಗದಿದ್ದರೆ ಅವನ್ನು ಬಿಟ್ಟು ಬೇರೆ ತೆಗೆಯಬೇಕು. ಕಾಯಿಲೆ ಬಿದ್ದ ಅಂಡವನ್ನು ನೋಡಿ ಆರೋಗ್ಯವಂತ ಅಂಡದ ಬಗ್ಗೆ ತೀರ್ಪು ಕೊಡಬಾರದು ಎಂಬುದು ಅವರ ಹಠ. ಯಾರ ಪ್ರಯೋಗ ಕೆಟ್ಟರೂ ಕೊನೆಗೆ ಸಲಹೆ ಕೇಳಲು ಬರುತ್ತಿದ್ದದ್ದು ಜಸ್ಟ್ ಅವರ ಮೇಜಿನ ಬಳಿಗೆ. ಲ್ಯಾಬಿನ ಒಳಗೆ ಅವರ ಕೈ ಬೇಕಿತ್ತು. ಲ್ಯಾಬಿನ ಹೊರಗೆ, ಊಟ ತಿಂಡಿ ಮನೆ ಬಳಕೆಯ ವಿಷಯಕ್ಕೆ ಬಂದಾಗ, ದೂರ ಇಡುವವರು ಇದ್ದೇ ಇದ್ದರು.

ಹೋವರ್ಡಿನಲ್ಲಿ ಪಾಠ, ಬೇಸಿಗೆಯಲ್ಲಿ ಕಡಲು, ಇದರ ನಡುವೆಯೇ ಡಾಕ್ಟರೇಟ್ ಓದು. 1916ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಬಂತು. ಅದಕ್ಕೆ ಒಂದು ವರ್ಷ ಮೊದಲೇ, 1915ರ ಫೆಬ್ರವರಿಯಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆ ಹೊಸದಾಗಿ ಶುರುಮಾಡಿದ ಸ್ಪಿಂಗಾರ್ನ್ ಪದಕವನ್ನು ಮೊಟ್ಟಮೊದಲು ಕೊಟ್ಟದ್ದು ಜಸ್ಟ್ ಅವರಿಗೆ. ನ್ಯೂಯಾರ್ಕ್ ನಗರದಲ್ಲಿ ರಾಜ್ಯದ ಗವರ್ನರರ ಕೈಯಿಂದ ಪದಕ ಪಡೆಯುವಾಗ ಅವರಿಗೆ 31 ವರ್ಷ. ಅದೇ ಫೆಬ್ರವರಿಯಲ್ಲಿ ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಭೀಮರಾವ್ ಅಂಬೇಡ್ಕರ್ ಎಂ.ಎ. ಓದುತ್ತಿದ್ದರು. ಭೇಟಿಯ ಮಾತಲ್ಲ ಇದು. ಒಂದೇ ಊರು, ಒಂದೇ ಕಾಲ, ಅಷ್ಟೇ. ಮುಂದೆ 1946ರಲ್ಲಿ ಬಾಬಾಸಾಹೇಬರು ಅದೇ ಎನ್‌ಎಎಸಿಪಿ ಕಟ್ಟಿದವರಲ್ಲಿ ಒಬ್ಬರಾದ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಎರಡು ಜನಗಳ ಸ್ಥಿತಿಯ ಹೋಲಿಕೆಯನ್ನು ತಾವು ಅಭ್ಯಾಸ ಮಾಡಿದ್ದಾಗಿ ತಿಳಿಸಿದ್ದು ದಾಖಲೆಯಲ್ಲಿ ಉಂಟು.

ಅಂಚಿನಲ್ಲಿ ಕಂಡದ್ದು

ಈಗ ಮುಖ್ಯ ವಿಷಯಕ್ಕೆ ಬರೋಣ. ವುಡ್ಸ್ ಹೋಲಿನ ಕಡಲ ತಳದ ಮರಳಿನಲ್ಲಿ ಸ್ಯಾಂಡ್ ಡಾಲರ್ ಎಂಬ ಜೀವಿ ಸಿಗುತ್ತದೆ. ಚಪ್ಪಟೆ, ದುಂಡಗೆ, ನೋಡಲು ದೊಡ್ಡ ನಾಣ್ಯದ ಹಾಗೆ. ಅದರ ಅಂಡದ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು. ಈ ಅಂಡದ ಮೇಲೆ ಮಾಡಿದ ಕೆಲಸವನ್ನು ಜಸ್ಟ್ 1919ರಿಂದ ಒಂದರ ಹಿಂದೆ ಒಂದರಂತೆ ಲೇಖನಗಳಲ್ಲಿ ಬರೆದರು.

ವೀರ್ಯಾಣು ಸೇರಿದ ಒಂದು ನಿಮಿಷದ ಸುಮಾರಿಗೆ ಅಂಡದ ಸುತ್ತ ತೆಳ್ಳನೆಯ ಪೊರೆಯೊಂದು ಎದ್ದು ನಿಲ್ಲುತ್ತದೆ. ಎಣ್ಣೆಗೆ ಹಾಕಿದ ಪೂರಿಯ ಮೇಲ್ಪದರ ಉಬ್ಬಿ ಬಿಡಿಸಿಕೊಂಡ ಹಾಗೆ. ಇದು ಮೊದಲೇ ಎಲ್ಲರಿಗೂ ಗೊತ್ತಿತ್ತು. ಈ ಪೊರೆಯೇ ಬೇರೆ ವೀರ್ಯಾಣುಗಳನ್ನು ತಡೆಯುವ ಬೇಲಿ ಎಂದು ತಿಳಿದಿದ್ದರು. ಜಸ್ಟ್ ಇನ್ನೂ ಹತ್ತಿರದಿಂದ, ಇನ್ನೂ ತಾಳ್ಮೆಯಿಂದ ನೋಡಿದರು. ಆಗ ಎರಡು ಸಂಗತಿ ಕಂಡವು.

ಒಂದು, ಪೊರೆ ಎಲ್ಲ ಕಡೆ ಒಟ್ಟಿಗೆ ಏಳುವುದಿಲ್ಲ. ವೀರ್ಯಾಣು ಹೊಕ್ಕ ಜಾಗದಲ್ಲಿ ಮೊದಲು ಏಳುತ್ತದೆ, ಅಲ್ಲಿಂದ ಎರಡೂ ಬದಿಗೆ ಹರಿಯುತ್ತಾ ಹೋಗಿ ಆಚೆ ತುದಿಯಲ್ಲಿ ಕೂಡುತ್ತದೆ. ಎರಡು, ಪೊರೆ ಏಳುವುದಕ್ಕಿಂತ ಮೊದಲೇ ಇನ್ನೊಂದು ಬದಲಾವಣೆ ಅಂಡದ ಮೈಮೇಲೆ ಅಲೆಯ ಹಾಗೆ ಹರಿದು ಹೋಗಿರುತ್ತದೆ. ಅದು ದಾಟಿದ ಜಾಗಕ್ಕೆ ಬೇರೆ ವೀರ್ಯಾಣು ಎಷ್ಟು ಗುದ್ದಿದರೂ ಪ್ರವೇಶ ಇಲ್ಲ, ಅಲ್ಲಿ ಪೊರೆ ಇನ್ನೂ ಎದ್ದಿರದಿದ್ದರೂ ಸಹ. ಅಂದರೆ ಬೇಲಿ ಹಾಕುವ ಮೊದಲೇ ಬಾಗಿಲು ಮುಚ್ಚಿ ಆಗಿರುತ್ತದೆ.

ಅದಕ್ಕೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ವೀರ್ಯ ಹಾಕಿದ ಅಂಡಗಳನ್ನು ಬೇರೆ ಬೇರೆ ಸಮಯದಲ್ಲಿ, ಸಿಹಿನೀರು ಬೆರೆಸಿ ಉಪ್ಪು ಕಮ್ಮಿ ಮಾಡಿದ ಕಡಲ ನೀರಿಗೆ ಹಾಕಿ ನೋಡಿದರು. ಪೊರೆ ಏಳುವುದಕ್ಕೆ ಸ್ವಲ್ಪ ಮುಂಚಿನ ಕೆಲವೇ ಕ್ಷಣ ಅಂಡ ಬಹಳ ಮೆದುವಾಗಿರುತ್ತದೆ, ಆಗ ಹಾಕಿದರೆ ಒಡೆದೇ ಹೋಗುತ್ತದೆ. ಅದಕ್ಕಿಂತ ಮೊದಲು ಹಾಕಿದರೂ ನಂತರ ಹಾಕಿದರೂ ತಾಳಿಕೊಳ್ಳುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ದೊಡ್ಡ ಕೆಲಸವೊಂದು ಆ ಹೊತ್ತಿನಲ್ಲಿ ಅಂಡದ ಅಂಚಿನಲ್ಲಿ ನಡೆಯುತ್ತಿದೆ ಎಂಬುದಕ್ಕೆ ಇದೇ ಗುರುತು.

ಇದರಿಂದ ಜಸ್ಟ್ ದೊಡ್ಡದೊಂದು ಮಾತು ಹೇಳಿದರು. ಅಂಡ ಸುಮ್ಮನೆ ಬಿದ್ದಿರುವ ಜಡ ವಸ್ತುವಲ್ಲ, ವೀರ್ಯಾಣು ಬಂದು ಅದಕ್ಕೆ ಜೀವ ತುಂಬುವುದೂ ಇಲ್ಲ. ಬೇಕಾದ ಶಕ್ತಿ ಎಲ್ಲ ಅಂಡದಲ್ಲೇ ಸಿದ್ಧ ಇರುತ್ತದೆ, ವೀರ್ಯಾಣು ತಟ್ಟುತ್ತದೆ, ಅಂಡ ಉತ್ತರ ಕೊಡುತ್ತದೆ. ಆ ಉತ್ತರ ಹುಟ್ಟುವುದು ಅಂಡದ ಹೊರ ಅಂಚಿನಲ್ಲಿ. ಆವತ್ತಿನ ವಿಜ್ಞಾನಿಗಳ ಕಣ್ಣೆಲ್ಲ ಜೀವಕೋಶದ ನಡುವಿನ ಕೇಂದ್ರದ ಮೇಲೆ ಇತ್ತು. ಅಂಚನ್ನು ಬರೀ ಹೊದಿಕೆ, ಬರೀ ಚೀಲ ಅಂತ ಬಿಟ್ಟಿದ್ದರು. ಅಂಚಿಗೂ ಬದುಕು ಉಂಟು, ಅಲ್ಲಿಂದಲೇ ಕೆಲಸ ಶುರುವಾಗುತ್ತದೆ ಎಂದು ವಾದಿಸಿದವರು, ಆ ದೇಶ ಯಾವಾಗಲೂ ಅಂಚಿಗೇ ತಳ್ಳಿದ ಜನರಿಂದ ಬಂದ ಈ ವಿಜ್ಞಾನಿ.

ದೊಡ್ಡವರ ಜೊತೆ ವಾದ

ಆ ಕಾಲದಲ್ಲಿ ಈ ವಿಷಯದಲ್ಲಿ ದೊಡ್ಡ ಹೆಸರು ಜಾಕ್ ಲೋಬ್ ಅವರದ್ದು. ವೀರ್ಯಾಣು ಇಲ್ಲದೆಯೇ ಬರೀ ಉಪ್ಪಿನ ದ್ರಾವಣದಿಂದ ಕಡಲ ಜೀವಿಯ ಅಂಡ ಬೆಳೆಯುವಂತೆ ಮಾಡಿ 1899ರಲ್ಲಿ ಜಗತ್ತನ್ನೇ ಬೆರಗುಗೊಳಿಸಿದವರು. ಜಸ್ಟ್ ಅವರಿಗೆ ಮೊದಲು ಬೆಂಬಲ ಕೊಟ್ಟವರಲ್ಲಿ ಅವರೂ ಒಬ್ಬರು. ಆದರೆ ಲೋಬ್ ಹೇಳಿದ ವಿವರಣೆ ಸರಿಯಿಲ್ಲ, ಪ್ರಯೋಗವನ್ನು ಚೊಕ್ಕವಾಗಿ ಮಾಡಿದರೆ ಬೇರೆಯೇ ಫಲ ಬರುತ್ತದೆ ಎಂದು ಜಸ್ಟ್ ಅಚ್ಚಿನಲ್ಲಿ ಬರೆದರು. ಸಂಬಂಧ ಕೆಟ್ಟಿತು. ದೊಡ್ಡವರ ಮಾತಿಗೆ ಎದುರಾಡಿದ್ದರ ಬೆಲೆ ಬಿಳಿಯ ವಿಜ್ಞಾನಿಗೂ ಇರುತ್ತದೆ, ಕಪ್ಪು ವಿಜ್ಞಾನಿಗೆ ಅದು ಇಮ್ಮಡಿ.

1920ರಿಂದ ವ್ಯಾಪಾರಿ ಜೂಲಿಯಸ್ ರೋಸನ್‌ವಾಲ್ಡ್ ಅವರ ದಾನದಿಂದ ಸಂಶೋಧನೆಗೆ ಹಣ ಸಿಕ್ಕಿತು. ಅದು ದೊಡ್ಡ ಉಪಕಾರ. ಆದರೆ ಬೇಕಾಗಿದ್ದದ್ದು ಒಂದು ಒಳ್ಳೆಯ ಲ್ಯಾಬಿನಲ್ಲಿ ವರ್ಷವಿಡೀ ಕೂತು ಮಾಡುವ ಕೆಲಸ. ಬಿಳಿಯರ ಯಾವ ವಿಶ್ವವಿದ್ಯಾಲಯವೂ, ಯಾವ ದೊಡ್ಡ ಸಂಶೋಧನಾ ಸಂಸ್ಥೆಯೂ ಅವರನ್ನು ಕರೆದು ಕೆಲಸ ಕೊಡಲಿಲ್ಲ. ಅವರಿಗಿಂತ ಕಿರಿಯರು, ಅವರಿಂದ ಕೈಕೆಲಸ ಕಲಿತವರು ಮೇಲೆ ಮೇಲೆ ಹೋದರು.

ಜಸ್ಟ್ ಹೇಳಿದ್ದೆಲ್ಲ ಸರಿಯಾಗಿತ್ತು ಅಂತ ಇಲ್ಲ. ಅಂಚಿನ ಮೇಲಿನ ಪ್ರೀತಿಯಲ್ಲಿ ಅವರು ಜೀನ್‌ಗಳ ಪಾತ್ರವನ್ನು ತೀರಾ ಕಡಿಮೆ ಮಾಡಿ ನೋಡಿದರು. ಆ ವಿಷಯದಲ್ಲಿ ಗೆದ್ದದ್ದು ಎದುರು ಪಕ್ಷವೇ. ಬರವಣಿಗೆಯಲ್ಲಿ ಮಾತು ಕೆಲವು ಸಲ ಕಟುವಾಗುತ್ತಿತ್ತು. ಅದನ್ನೂ ಹೇಳದಿದ್ದರೆ ಬದುಕು ಹೇಳಿದ ಹಾಗೆ ಆಗುವುದಿಲ್ಲ.

ಕಡಲಾಚೆ

1929ರ ಜನವರಿಯಲ್ಲಿ ಇಟಲಿಯ ನೇಪಲ್ಸ್‌ನ ಪ್ರಸಿದ್ಧ ಸಾಗರ ಸಂಶೋಧನಾ ಕೇಂದ್ರಕ್ಕೆ ಹೋದರು. ಮರುವರ್ಷ ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಜೀವಶಾಸ್ತ್ರ ಸಂಸ್ಥೆ ಕರೆಯಿತು. ಆ ಕಾಲಕ್ಕೆ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಕರೆ ಕಡಿಮೆ. ಅಲ್ಲಿ ಅವರನ್ನು ಒಬ್ಬ ವಿಜ್ಞಾನಿ ಎಂದು ನೋಡಿದರು, ಕೂರಿಸಿ ಮಾತಾಡಿಸಿದರು, ಮನೆಗೆ ಕರೆದರು. 1930ರ ಬೇಸಿಗೆಯಲ್ಲಿ ಗುರು ಲಿಲ್ಲಿ ಅವರ ಅರುವತ್ತರ ಸಮಾರಂಭಕ್ಕೆ ವುಡ್ಸ್ ಹೋಲ್‌ಗೆ ಬಂದ ಜಸ್ಟ್, ಇಲ್ಲಿ ಇಷ್ಟು ವರ್ಷ ಸಿಗದ ಬಂಧುತ್ವ ತನಗೆ ಅಲ್ಲಿ ಸ್ವಲ್ಪವೇ ಕಾಲದಲ್ಲಿ ಸಿಕ್ಕಿತು ಎಂಬರ್ಥದ ಮಾತನ್ನು ಎಲ್ಲರ ಎದುರು ಆಡಿದರು. ಆಮೇಲೆ ಅವರು ವುಡ್ಸ್ ಹೋಲ್‌ಗೆ ಕೆಲಸಕ್ಕೆ ಹೋಗಲಿಲ್ಲ.

ಆದರೆ 1933ರಲ್ಲಿ ಜರ್ಮನಿ ಹಿಟ್ಲರನ ಕೈಗೆ ಹೋಯಿತು. ಯಾವ ದೇಶದಲ್ಲಿ ಬಣ್ಣ ನೋಡದೆ ಕೂರಿಸಿದ್ದರೋ ಅದೇ ದೇಶ ರಕ್ತದ ಶುದ್ಧಿಯ ಹೆಸರಲ್ಲಿ ಮನುಷ್ಯರನ್ನು ಬೇರ್ಪಡಿಸತೊಡಗಿತು. ಜಸ್ಟ್ ಅವರ ಕೆಲಸ ಫ್ರಾನ್ಸಿಗೆ ಬದಲಾಯಿತು. ಹೋವರ್ಡಿಗೂ ಯುರೋಪಿಗೂ ಓಡಾಟ, ಹಣದ ಅಡಚಣೆ. ಮನೆಯ ಬದುಕೂ ಒಡೆಯಿತು. 1939ರಲ್ಲಿ ಎಥೆಲ್ ಅವರಿಂದ ವಿಚ್ಛೇದನ ಪಡೆದು, ಬರ್ಲಿನ್‌ನಲ್ಲಿ ಪರಿಚಯವಾಗಿದ್ದ ಹೆಡ್ವಿಗ್ ಷ್ನೆಟ್ಸ್ಲರ್ ಅವರನ್ನು ಮದುವೆಯಾದರು. ಅಮೆರಿಕದಲ್ಲಿ ಉಳಿದ ಹೆಂಡತಿ ಮಕ್ಕಳಿಗೆ ಅದು ನೋವಿನ ಕಾಲ.

ಅದೇ 1939ರಲ್ಲಿ ಅವರ ಎರಡು ಪುಸ್ತಕಗಳು ಹೊರಬಂದವು. ಒಂದು ಕಡಲ ಜೀವಿಗಳ ಅಂಡಗಳ ಮೇಲೆ ಪ್ರಯೋಗ ಮಾಡುವ ಕ್ರಮದ ಕೈಪಿಡಿ. ಇನ್ನೊಂದು ಜೀವಕೋಶದ ಮೇಲ್ಮೈಯ ಜೀವಶಾಸ್ತ್ರ, ಮೂವತ್ತು ವರ್ಷದ ನೋಟವೆಲ್ಲ ಸೇರಿದ ಮುಖ್ಯ ಗ್ರಂಥ. ಲೇಖನಗಳು ಎಪ್ಪತ್ತು ಮೀರಿದ್ದವು.

1940ರಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿತು. ಜಸ್ಟ್ ಅವರನ್ನು ಹಿಡಿದು ಶಿಬಿರದಲ್ಲಿ ಇಟ್ಟರು. ಬಿಡುಗಡೆಯಾಗಿ ಗರ್ಭಿಣಿ ಪತ್ನಿಯ ಜೊತೆ ಅಮೆರಿಕಕ್ಕೆ ಮರಳಿದಾಗ ಆರೋಗ್ಯ ಕೆಟ್ಟಿತ್ತು. ತಿರುಗಿ ಹೋವರ್ಡಿನಲ್ಲಿ ಪಾಠ ಹಿಡಿದರು. 1941ರ ಅಕ್ಟೋಬರ್ 27ರಂದು ಮೇದೋಜೀರಕದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 58.

ಆ ಅಲೆ ಯಾವುದು?

ಅಂಡದ ಮೈಮೇಲೆ ಹರಿದು ಹೋದದ್ದು ಏನು? ಅದನ್ನು ಹಿಡಿಯುವ ಉಪಕರಣ ಜಸ್ಟ್ ಬದುಕಿರುವಾಗ ಇರಲಿಲ್ಲ. ಅವರ ಕೊನೆಗಾಲದಲ್ಲಿ ಒಂದು ಸುಳಿವು ಸಿಕ್ಕಿತ್ತು. 1937ರಲ್ಲಿ ಡೇನಿಯಲ್ ಮಾಜಿಯಾ ಎಂಬ ವಿಜ್ಞಾನಿ, ಫಲಿತವಾದಾಗ ಅಂಡದೊಳಗೆ ಕಟ್ಟಿಟ್ಟಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ ಎಂದು ತೋರಿಸಿದರು. ಕ್ಯಾಲ್ಸಿಯಂ ಅಂದರೆ ನಮ್ಮ ಸುಣ್ಣದಲ್ಲಿ, ಎಲುಬಿನಲ್ಲಿ ಇರುವ ಅದೇ ಕ್ಯಾಲ್ಸಿಯಂ.

ಮುಂದೆ ಹೊಳೆಯುವ ಅಂಬಲಿ ಮೀನು, ಅಂದರೆ ಜೆಲ್ಲಿ ಫಿಶ್, ಇದರಿಂದ ಒಸಾಮು ಶಿಮೊಮುರಾ ಮತ್ತು ಸಂಗಡಿಗರು 1962ರಲ್ಲಿ ಎಕ್ವೊರಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಕ್ಯಾಲ್ಸಿಯಂ ತಾಗಿದರೆ ಸಾಕು, ಅದು ಬೆಳಕು ಕೊಡುತ್ತದೆ. 1970ರ ದಶಕದಲ್ಲಿ ಇದನ್ನು ಮೆಡಾಕಾ ಎಂಬ ಸಣ್ಣ ಮೀನಿನ ಅಂಡದೊಳಗೆ ಚುಚ್ಚಿ, ಕತ್ತಲೆಯಲ್ಲಿ ಇಟ್ಟು, ವೀರ್ಯ ಹಾಕಿ ನೋಡಿದರು. ವೀರ್ಯಾಣು ಹೊಕ್ಕ ಜಾಗದಲ್ಲಿ ಬೆಳಕು ಹುಟ್ಟಿತು. ಅಲ್ಲಿಂದ ಉಂಗುರದ ಹಾಗೆ ಹರಡುತ್ತಾ ಎರಡು ನಿಮಿಷದ ಸುಮಾರಿಗೆ ಅಂಡವನ್ನು ಪೂರ್ತಿ ದಾಟಿ ಎದುರು ತುದಿಯಲ್ಲಿ ಮುಗಿಯಿತು. ಲಯನೆಲ್ ಜಾಫಿ ಮತ್ತು ಸಂಗಡಿಗರು 1978ರಲ್ಲಿ ಈ ಕ್ಯಾಲ್ಸಿಯಂ ಅಲೆಯ ಚಿತ್ರಗಳನ್ನು ಪ್ರಕಟಿಸಿದರು. ಹೊಕ್ಕ ಜಾಗದಿಂದ ಶುರು, ಆಚೆ ತುದಿಯಲ್ಲಿ ಮುಗಿತಾಯ: ಜಸ್ಟ್ ಸ್ಯಾಂಡ್ ಡಾಲರಿನ ಅಂಡದ ಮೇಲೆ ಗುರುತಿಸಿದ್ದ ದಾರಿಯೂ ಇಂಥದ್ದೇ.

ಅಲೆ ಮುಂದೆ ಮುಂದೆ ಹೋಗುವುದು ಹೇಗೆ? ಬೇಸಿಗೆಯಲ್ಲಿ ಮುಳಿಗುಡ್ಡೆಯ ಒಂದು ಮೂಲೆಗೆ ಬೆಂಕಿ ಬಿದ್ದರೆ ಏನಾಗುತ್ತದೆ ನೋಡಿದ್ದೀರಲ್ಲ. ಕಡ್ಡಿ ಗೀರಿದವನು ಗುಡ್ಡೆ ಪೂರ್ತಿ ಓಡಬೇಕಾಗಿಲ್ಲ. ಒಂದು ಬುಡದ ಹುಲ್ಲು ಪಕ್ಕದ ಬುಡಕ್ಕೆ ಹತ್ತಿಸುತ್ತದೆ. ಅಂಡದೊಳಗೂ ಹಾಗೆಯೇ. ಒಳಗಿನ ಸಣ್ಣ ಸಣ್ಣ ಕಣಜಗಳಲ್ಲಿ ಕ್ಯಾಲ್ಸಿಯಂ ತುಂಬಿಟ್ಟಿರುತ್ತದೆ. ಒಂದು ಕಡೆ ಬಿಡುಗಡೆಯಾದ ಕ್ಯಾಲ್ಸಿಯಂ ಪಕ್ಕದ ಕಣಜವನ್ನು ತೆರೆಯುತ್ತದೆ, ಅದು ಅದರ ಪಕ್ಕದ್ದನ್ನು. ಹೀಗೆ ಹೋದ ಅಲೆ ಅಂಚಿನಡಿಯಲ್ಲಿ ಸಾಲಾಗಿ ಇರುವ ಸಣ್ಣ ಚೀಲಗಳನ್ನು ಒಡೆಸುತ್ತದೆ. ಅವುಗಳಿಂದ ಸುರಿದ ದ್ರವ್ಯದಿಂದಲೇ ಪೊರೆ ಮೇಲೆದ್ದು ಗಟ್ಟಿಯಾಗುವುದು.

ಸೀ ಅರ್ಚಿನ್ ಎಂಬ ಮುಳ್ಳು ಚೆಂಡಿನಂಥ ಕಡಲ ಜೀವಿಯ ಅಂಡದಲ್ಲಿ ಇದಕ್ಕಿಂತ ಮೊದಲು ಇನ್ನೊಂದು ಬೀಗವೂ ಉಂಟೆಂದು 1976ರಲ್ಲಿ ಗೊತ್ತಾಯಿತು. ವೀರ್ಯಾಣು ತಾಗಿದ ಕೆಲವೇ ಕ್ಷಣದಲ್ಲಿ ಅಂಡದ ಮೈಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಆಗ ಬೇರೆ ವೀರ್ಯಾಣು ಸೇರಲಾರದು. ಪೊರೆ ಏಳುವ ಮೊದಲೇ ಬಾಗಿಲು ಮುಚ್ಚಿರುತ್ತದೆ ಎಂದು ಜಸ್ಟ್ ಹೇಳಿದ್ದಕ್ಕೆ ಹೀಗೆ ಬೇರೆ ದಾರಿಯಿಂದಲೂ ಸಾಕ್ಷಿ ಬಂತು.

ನಮ್ಮ ಮನೆಗಳಿಗೂ ಇದರ ಸಂಬಂಧ ಉಂಟು. ಇಲಿ, ದನ, ಮನುಷ್ಯರ ಅಂಡಗಳಲ್ಲಿ ಕ್ಯಾಲ್ಸಿಯಂ ಒಂದೇ ಸಲ ಏರಿ ನಿಲ್ಲುವುದಿಲ್ಲ, ಗಂಟೆಗಟ್ಟಲೆ ಏರಿ ಇಳಿಯುತ್ತಾ ಇರುತ್ತದೆ. ಅದನ್ನು ಎಬ್ಬಿಸುವ ಪ್ರೋಟೀನೊಂದು ವೀರ್ಯಾಣುವಿನ ಜೊತೆ ಒಳಗೆ ಬರುತ್ತದೆಂದು 2002ರಲ್ಲಿ ಪತ್ತೆಯಾಯಿತು. ಕೆಲವು ಗಂಡಸರ ವೀರ್ಯಾಣುವಿನಲ್ಲಿ ಆ ಪ್ರೋಟೀನ್ ಸರಿಯಾಗಿ ಇರುವುದಿಲ್ಲ. ಆಗ ವೀರ್ಯಾಣುವನ್ನು ನೇರವಾಗಿ ಅಂಡದೊಳಗೆ ಸೇರಿಸಿದರೂ ಅಂಡ ಎಚ್ಚರಗೊಳ್ಳದೆ ಉಳಿಯಬಹುದು. ಅಂಥ ಕೆಲವು ಸಂದರ್ಭಗಳಲ್ಲಿ ಡಾಕ್ಟರುಗಳು ಅಂಡದೊಳಗೆ ಕ್ಯಾಲ್ಸಿಯಂ ಏರಿಸುವ ಔಷಧ ಬಳಸುತ್ತಾರೆ. ಮಕ್ಕಳಾಗದಿದ್ದರೆ ಹೆಂಗಸರನ್ನೇ ದೂರುವ ಅಭ್ಯಾಸ ನಮ್ಮಲ್ಲಿ ಇನ್ನೂ ಉಂಟು. ಅಂಡ ತನ್ನ ಕೆಲಸಕ್ಕೆ ಸಿದ್ಧ ಇದ್ದರೂ ತಟ್ಟುವ ಕಡೆಯೇ ಕೊರತೆ ಇರಬಹುದು ಎಂಬುದನ್ನು ಅಂಥವರು ತಿಳಿದರೆ ಒಳ್ಳೆಯದು.

ಕೊನೆಗೆ

ಅಮೆರಿಕ ಸರಕಾರ 1996ರಲ್ಲಿ ಜಸ್ಟ್ ಅವರ ಚಿತ್ರದ ಅಂಚೆಚೀಟಿ ತಂದಿತು. ಅವರು ಬಾಳೆಲ್ಲ ಪಾಠ ಹೇಳಿದ ಹೋವರ್ಡಿನಲ್ಲಿ 2008ರಲ್ಲಿ ಅವರ ಕೆಲಸದ ಕುರಿತು ವಿಚಾರ ಸಂಕಿರಣ ನಡೆಯಿತು. ಎಕ್ವೊರಿನ್ ಬೇರ್ಪಡಿಸಿದ ಶಿಮೊಮುರಾ, ಕ್ಯಾಲ್ಸಿಯಂ ಅಲೆ ತೋರಿಸಿದ ಜಾಫಿ, ಇಬ್ಬರೂ ಮುಂದೆ ಕೆಲಸ ಮಾಡಿದ್ದು ವುಡ್ಸ್ ಹೋಲಿನ ಅದೇ ಪ್ರಯೋಗಶಾಲೆಯಲ್ಲಿ. ಅವಮಾನ ಸಾಕಾಗಿ ಒಬ್ಬರು ಬಿಟ್ಟು ಹೋದ ಜಾಗಕ್ಕೆ ಅವರ ಕೆಲಸದ ಮುಂದಿನ ಭಾಗ ತಾನಾಗಿ ಬಂದು ಸೇರಿತು. ಬಂದ ಮಾನ ಅವರಿಗೆ ತಡವಾಯಿತು. ಆ ತಡದಿಂದ ನಷ್ಟ ಆದದ್ದು ಅವರೊಬ್ಬರಿಗೆ ಮಾತ್ರ ಅಲ್ಲ. ವರ್ಷವಿಡೀ ಒಂದು ಲ್ಯಾಬು ಸಿಕ್ಕಿದ್ದರೆ ಅವರು ಇನ್ನೇನೇನು ನೋಡುತ್ತಿದ್ದರೋ, ಅದನ್ನು ಯಾವ ಅಂಚೆಚೀಟಿಯೂ ತಂದುಕೊಡುವುದಿಲ್ಲ.

ನಮ್ಮ ಸಂಘದ ತಮ್ಮ ತಂಗಿಯರಿಗೆ ಒಂದು ಮಾತು. ಮಳೆಗಾಲ ಶುರುವಾದ ಕೂಡಲೇ ಗದ್ದೆಯ ನೀರಿನಲ್ಲಿ, ಮದಕದ ಬದಿ, ಕಪ್ಪೆಯ ಮೊಟ್ಟೆ ಲೋಳೆ ಲೋಳೆಯಾಗಿ ರಾಶಿ ಬಿದ್ದಿರುತ್ತದೆ. ಕಪ್ಪೆಯ ಅಂಡದಲ್ಲೂ ಇದೇ ಕ್ಯಾಲ್ಸಿಯಂ ಅಲೆ ಹರಿಯುತ್ತದೆ. ಅಲೆ ಬರಿಗಣ್ಣಿಗೆ ಕಾಣದು, ಆದರೆ ಒಂದು ಅಂಡ ಎರಡಾಗುವುದು, ಎರಡು ನಾಲ್ಕಾಗುವುದು ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಎಷ್ಟೋ ಶಾಲೆಗಳಲ್ಲಿ ಮೈಕ್ರೋಸ್ಕೋಪನ್ನು ಮಕ್ಕಳು ಹಾಳು ಮಾಡುತ್ತಾರೆ ಅಂತ ಬೀರುವಿನಲ್ಲಿ ಇಟ್ಟು ಬೀಗ ಹಾಕಿರುತ್ತಾರೆ. ಕೇಳಿ ತೆಗೆಸಿ. ಬಟ್ಟಲು ಚೆನ್ನಾಗಿ ತೊಳೆಯಿರಿ, ಗದ್ದೆಯ ನೀರನ್ನೇ ಹಾಕಿ, ಅವಸರ ಮಾಡದೆ ಕೂತು ನೋಡಿ.